ಒಂದು ಕಿಲೋ ತೊಗರಿಗೆ ಒಂದು ಲಕ್ಷ ರೂಪಾಯಿ

“ಒಂದು ಕಿಲೋ ತೂಕದ ಇಲಿಯ ಆಪರೇಷನ್‌ಗೆ ಲಕ್ಷ ರೂಪಾಯಿ ಸುರಿದೆಯಂತೆ, ಹೌದೇನು?” ಈ ಬೇಸಿಗೆಯಲ್ಲಿ ಕಲಬುರಗಿಗೆ ಬಂದಾಗ ಇದನ್ನು ಕೇಳದವರೇ ಇಲ್ಲ. ಅಪ್ಪನ ಕೆರೆಯ ದಂಡೆಯಲ್ಲಿ ಸಿಕ್ಕ ಹೈಸ್ಕೂಲ್ ಗೆಳತಿ ಕೇಳಿದಳು, ಶರಣಬಸವೇಶ್ವರ ಗುಡಿಯಲ್ಲಿ ಸಿಕ್ಕ ಸೋದರತ್ತೆ ಕೇಳಿದರು, ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಾಮಾ ಅಂತೂ ಗಿರಾಕಿಗಳ ಮುಂದೆಯೇ ಕೇಳಿದರು. ಸುದ್ದಿಯ ಮೂಲ ನಮ್ಮ ಅವ್ವ. ಅವಳಿಗೆ ಫೋನಿನಲ್ಲಿ ಹೇಳುವುದೂ ಒಂದೇ, ಊರಲ್ಲಿ ಡಂಗುರ ಸಾರುವುದೂ ಒಂದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಅದು ಇಲಿಯಲ್ಲ, ಗಿನಿಪಿಗ್ ಎಂಬ ಹುಲ್ಲು ತಿನ್ನುವ ಪುಟ್ಟ ಸಾಕುಪ್ರಾಣಿ. ದುಡ್ಡಿನ ಮಾತು ಮಾತ್ರ ನಿಜ.

ನಾವಿರುವುದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಹತ್ತಿರದ ವಿಂಟರ್‌ಥೂರ್ ಎಂಬ ಊರಿನಲ್ಲಿ. ಮಗಳು ನಾಯಿ ಬೇಕೆಂದು ಹಠ ಹಿಡಿದಿದ್ದಳು. ಬಾಡಿಗೆ ಮನೆಯಲ್ಲಿ ನಾಯಿ ಸಾಕಲು ಮಾಲೀಕರು ಒಪ್ಪಲಿಲ್ಲ. ಹೀಗೆ ಬಂದದ್ದು ಗಿನಿಪಿಗ್, ಅದೂ ಎರಡು. ಒಂದೇ ಸಾಕಿದರೆ ಸಾಲದೇ ಎಂದು ಅವ್ವ ಕೇಳಿದ್ದಳು. ಸಾಲದು, ಏಕೆಂದರೆ ಈ ದೇಶದಲ್ಲಿ ಒಂಟಿ ಗಿನಿಪಿಗ್ ಸಾಕುವುದು ಕಾನೂನಿಗೆ ವಿರುದ್ಧ. ಅದು ಗುಂಪಿನಲ್ಲಿ ಬದುಕುವ ಪ್ರಾಣಿ, ಕನಿಷ್ಠ ಒಂದು ಜೊತೆಯಾದರೂ ಇರಲೇಬೇಕೆಂದು 2008ರಲ್ಲಿ ಜಾರಿಗೆ ಬಂದ ಪ್ರಾಣಿ ಸಂರಕ್ಷಣಾ ನಿಯಮ ಹೇಳುತ್ತದೆ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ವರ್ಷಗಳಿಂದ ಒಂಟಿಯಾಗಿದ್ದಾರೆ. ಅವರ ಬಗ್ಗೆ ಅಂಥ ಯಾವ ನಿಯಮವೂ ಇಲ್ಲ ಎಂಬುದು ಬೇರೆ ಮಾತು.

ಹೆಸರಿಟ್ಟದ್ದು ನನ್ನ ಗಂಡ. ಬಿಳಿಯ ಮೇಲೆ ತಿಳಿ ಕಂದು ಮಚ್ಚೆ ಇರುವುದು ಶೇಂಗಾ, ಕೆಂಪು ಮೈಯದು ತೊಗರಿ. ಎರಡೂ ಹೆಣ್ಣು. ಇವುಗಳ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳು. ಅಲ್ಲಿಯ ಜನ ಸಾವಿರಾರು ವರ್ಷಗಳಿಂದ ಇವನ್ನು ಸಾಕಿಕೊಂಡು ಬಂದಿದ್ದಾರೆ, ಸಾಕುವುದು ತಿನ್ನುವುದಕ್ಕೆ. ಪೆರು ದೇಶದಲ್ಲಿ ಈಗಲೂ ಹಬ್ಬದ ಊಟಕ್ಕೆ ಬಡಿಸುತ್ತಾರೆ. ಇದನ್ನು ಕೇಳಿ ಅಪ್ಪ “ಹಾಗಾದರೆ ಅವರು ಜಾಣರು” ಎಂದು ನಕ್ಕಿದ್ದ.

ಬೇಟೆಯಾಗಿಯೇ ಬದುಕಿದ ಪ್ರಾಣಿ ಕಾಯಿಲೆಯನ್ನು ಬಚ್ಚಿಡುತ್ತದೆ. ಸೊರಗಿದ್ದು ಕಂಡರೆ ಹದ್ದು ಮೊದಲು ಅದನ್ನೇ ಎತ್ತಿಕೊಂಡು ಹೋಗುತ್ತದಲ್ಲವೇ? ಆದ್ದರಿಂದ ಕಣ್ಣಿಗೆ ಕಾಣುವ ಹೊತ್ತಿಗೆ ರೋಗ ಬಲಿತಿರುತ್ತದೆ. ಮೊದಲೇ ಸುಳಿವು ಕೊಡುವುದು ತಕ್ಕಡಿ ಮಾತ್ರ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಡಬ್ಬಿ ಇಟ್ಟು ವಾರಕ್ಕೊಮ್ಮೆ ಎರಡನ್ನೂ ತೂಗುವುದು ಮಗಳ ಕೆಲಸ. ಒಂದು ಕಿಲೋ ಆಸುಪಾಸಿನಲ್ಲಿದ್ದ ತೊಗರಿ ಐವತ್ತು ಗ್ರಾಂ ಇಳಿದಿತ್ತು. ಮನುಷ್ಯರ ಲೆಕ್ಕದಲ್ಲಿ ಅರವತ್ತು ಕಿಲೋ ಇರುವವರು ಒಂದು ವಾರದಲ್ಲಿ ಮೂರು ಕಿಲೋ ಕಳೆದುಕೊಂಡಂತೆ. ಆಮೇಲೆ ಮೂತ್ರ ಮಾಡುವಾಗ ಬೆನ್ನು ಗೂನಾಗಿಸಿ ಸಣ್ಣಗೆ ಕೀರಲು ಶುರುಮಾಡಿತು. ಹಾಸಿದ್ದ ಬಟ್ಟೆಯ ಮೇಲೆ ನಸುಗೆಂಪು ಕಲೆ ಕಂಡಿತು.

ಮನೆಯ ಹತ್ತಿರದ ಪಶು ಚಿಕಿತ್ಸಾಲಯದವರು ನಾಯಿ ಬೆಕ್ಕು ಬಿಟ್ಟರೆ ಬೇರೆ ನೋಡುವುದಿಲ್ಲ. ಸಣ್ಣ ಪ್ರಾಣಿಗಳನ್ನೇ ನೋಡುವ ವೈದ್ಯರೊಬ್ಬರ ವಿಳಾಸ ಕೊಟ್ಟು ಕಳುಹಿಸಿದರು. ಅಲ್ಲಿ ಎಕ್ಸ್‌ರೇ ತೆಗೆದ ತಕ್ಷಣ ಉತ್ತರ ಸಿಕ್ಕಿತು: ಮೂತ್ರಕೋಶದಲ್ಲಿ ಬಟಾಣಿ ಗಾತ್ರದ ಒಂದು ಹರಳು, ಕಪ್ಪು ಫಿಲ್ಮಿನಲ್ಲಿ ಬೆಳ್ಳಗೆ.

ಹರಳು ಎಂದ ಕೂಡಲೇ ಅವ್ವನ ಔಷಧಾಲಯ ತೆರೆಯಿತು. ಬಾಳೆದಿಂಡಿನ ರಸ ಕುಡಿಸು, ಹುರುಳಿ ಬೇಯಿಸಿದ ಕಟ್ಟು ಕುಡಿಸು. ನಮ್ಮ ಕಡೆ ಬೇಸಿಗೆ ಬಂತೆಂದರೆ ಮನೆಗೊಬ್ಬರಿಗೆ ಕಿಡ್ನಿಯ ಹರಳಿನ ಕಥೆ ಇದ್ದೇ ಇರುತ್ತದೆ, ಮದ್ದು ಹೇಳುವವರಿಗೆ ಬರವಿಲ್ಲ. ಕಾಕಾನ ಮಗ, ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ ಈಗ ಹುಮನಾಬಾದ್ ಕಡೆ ದನದ ಡಾಕ್ಟರಾಗಿರುವ ನಮ್ಮಣ್ಣ, ಅವ್ವನನ್ನು ಫೋನಿನಲ್ಲೇ ತಡೆದ. ಮನುಷ್ಯರ ಹರಳು ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್, ಗಿನಿಪಿಗ್‌ನದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು. ನಮ್ಮ ದೇಹ ಬೇಕಾದಷ್ಟೇ ಸುಣ್ಣವನ್ನು ಊಟದಿಂದ ಹೀರಿಕೊಳ್ಳುತ್ತದೆ. ಗಿನಿಪಿಗ್ ತಿಂದದ್ದರಿಂದ ಬೇಕಾದದ್ದಕ್ಕಿಂತ ಹೆಚ್ಚೇ ಹೀರಿ, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅದರ ಮೂತ್ರ ಕ್ಷಾರೀಯವಾದ್ದರಿಂದ ಸುಣ್ಣ ಅಲ್ಲೇ ಗಟ್ಟಿಯಾಗುತ್ತದೆ. “ಅದನ್ನು ಕರಗಿಸುವ ಮದ್ದಿಲ್ಲ ದೊಡ್ಡವ್ವ, ಕೊಯ್ದೇ ತೆಗೆಯಬೇಕು” ಎಂದ.

ಅಣ್ಣನಿಗೆ ಅಚ್ಚರಿಯಾದದ್ದು ಬೇರೆ ವಿಷಯ. ಆಪರೇಷನ್ ಎಂದರೆ ಹಿಂದಿನ ರಾತ್ರಿಯಿಂದ ಉಪವಾಸ ಎಂದು ನಮಗೆಲ್ಲ ಗೊತ್ತು. ಇಲ್ಲಿಯ ವೈದ್ಯರು “ಬೆಳಿಗ್ಗೆಯೂ ಹುಲ್ಲು ತಿನ್ನಿಸಿಯೇ ಕರೆತನ್ನಿ, ಜೊತೆಗಾತಿಯನ್ನೂ ಕರೆತನ್ನಿ” ಎಂದರು. ಗಿನಿಪಿಗ್‌ಗೆ ವಾಂತಿಯಾಗುವುದಿಲ್ಲ, ಆದ್ದರಿಂದ ಮತ್ತಿನಲ್ಲಿ ವಾಂತಿಯಾಗಿ ಉಸಿರು ಕಟ್ಟುವ ಭಯವಿಲ್ಲ. ಭಯವಿರುವುದು ಹೊಟ್ಟೆ ಖಾಲಿಯಾಗುವುದರಲ್ಲಿ. ಎತ್ತಿನ ಮೇವು ಮೊದಲು ಮುಂದಿನ ಹೊಟ್ಟೆಯಲ್ಲಿ ಹುದುಗುತ್ತದೆ, ಆಮೇಲೆ ಮೆಲುಕು. ಗಿನಿಪಿಗ್‌ನ ವ್ಯವಸ್ಥೆ ಕುದುರೆಯದು: ಹುದುಗುವುದು ಹಿಂದಿನ ದೊಡ್ಡ ಕರುಳಿನ ಚೀಲದಲ್ಲಿ. ಮುಂದಿನಿಂದ ನಾರು ಬರುತ್ತಲೇ ಇದ್ದರೆ ಕರುಳು ಚಲಿಸುತ್ತಿರುತ್ತದೆ. ಒಂದು ಹಗಲು ಬಾಯಿ ನಿಂತರೂ ಕರುಳು ನಿಲ್ಲುತ್ತದೆ, ಗಾಳಿ ತುಂಬುತ್ತದೆ, ಒಳಗಿನ ಸೂಕ್ಷ್ಮಜೀವಿಗಳ ಸಮತೋಲ ಕೆಡುತ್ತದೆ. ಹರಳಿನಿಂದಲ್ಲ, ಆಪರೇಷನ್ನಿನಿಂದಲೂ ಅಲ್ಲ, ಈ ನಿಂತ ಕರುಳಿನಿಂದಲೇ ಎಷ್ಟೋ ಗಿನಿಪಿಗ್‌ಗಳು ಸಾಯುತ್ತವೆ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳುವುದು ಕಡಿಮೆ. ಮೂಗಿಗೆ ಮುಖವಾಡ ಹಿಡಿದು ಅನಿಲದ ಅರಿವಳಿಕೆ, ಸಣ್ಣ ಮೈ ಬೇಗ ತಣ್ಣಗಾಗುತ್ತದೆಂದು ಕೆಳಗೆ ಬಿಸಿ ಹಾಸು, ಹೊಟ್ಟೆಯ ಕೂದಲು ಬೋಳಿಸಿ ಕೊಯ್ತ, ಕರಗುವ ದಾರದ ಹೊಲಿಗೆ. ಸಂಜೆಗೆ ಮನೆಗೆ ಬಂದಿತು. ಹರಳನ್ನು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಮಗಳು ಅದನ್ನು ಶಾಲೆಗೆ ಒಯ್ದು ತೋರಿಸಿಯೂ ಆಯಿತು. ಬಿಲ್ಲು, ಎಕ್ಸ್‌ರೇ ಔಷಧಿ ಎಲ್ಲ ಸೇರಿ, ಸಾವಿರ ಫ್ರಾಂಕ್ ದಾಟಿತು, ನಮ್ಮ ಲೆಕ್ಕದಲ್ಲಿ ಲಕ್ಷದ ಹತ್ತಿರ. ವೈದ್ಯರ ಕೆಲಸ ಅಲ್ಲಿಗೆ ಮುಗಿಯಿತು, ನಮ್ಮದು ಶುರುವಾಯಿತು.

ಮನೆಗೆ ಬಂದ ತೊಗರಿ ಮೂಲೆ ಹಿಡಿದು, ಮೈಯ ಕೂದಲು ನಿಮಿರಿಸಿಕೊಂಡು ಕುಳಿತಿತು. ಮುಂದೆ ಕೊತ್ತಂಬರಿ ಹಿಡಿದರೆ ಮೂಸಿ ಮುಖ ತಿರುಗಿಸಿತು. ಕೊತ್ತಂಬರಿ ಕಟ್ಟಿನ ಪ್ಲಾಸ್ಟಿಕ್ ಸದ್ದಾದರೆ ಸಾಕು, ಮನೆ ಹಾರಿಹೋಗುವಂತೆ ಕೂಗುತ್ತಿದ್ದ ಪ್ರಾಣಿ ಅದು. ವೈದ್ಯರು ಕೊಟ್ಟಿದ್ದ ಆಕ್ಸ್‌ಬೋ ಕಂಪನಿಯ ಕ್ರಿಟಿಕಲ್ ಕೇರ್ ಎಂಬ ಹುಲ್ಲಿನ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ, ಅಂಬಲಿಯ ಹದಕ್ಕೆ ತಂದು, ಸೂಜಿಯಿಲ್ಲದ ಸಿರಿಂಜಿನಿಂದ ಕುಡಿಸಬೇಕು. ಒಂದು ಕಿಲೋ ಮೈಗೆ ದಿನಕ್ಕೆ ಐವತ್ತರಿಂದ ಎಂಬತ್ತು ಮಿಲಿಲೀಟರ್, ನಾಲ್ಕೈದು ಹೊತ್ತಿಗೆ ಹಂಚಿ, ರಾತ್ರಿಯೂ ಬಿಡದೆ.

ಓದಲು ಸುಲಭ. ತೊಗರಿಯನ್ನು ಟವೆಲ್‌ನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಹೊಲಿಗೆಗೆ ಒತ್ತು ಬೀಳಬಾರದು, ಬೆನ್ನ ಮೇಲೆ ಮಲಗಿಸಲೇಬಾರದು. ಮುಂದಿನ ಬಾಚಿ ಹಲ್ಲುಗಳಿಗೂ ಒಳಗಿನ ದವಡೆ ಹಲ್ಲುಗಳಿಗೂ ನಡುವೆ ಖಾಲಿ ಜಾಗವಿರುತ್ತದೆ, ಅಲ್ಲಿಗೆ ಪಕ್ಕದಿಂದ ಸಿರಿಂಜಿನ ತುದಿ ತೂರಿಸಬೇಕು. ಅರ್ಧ ಮಿಲಿಲೀಟರ್ ಬಿಟ್ಟು, ದವಡೆ ಆಡಿಸಿ ನುಂಗುವವರೆಗೆ ಕಾಯಬೇಕು. ಅವಸರಪಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲ ರಾತ್ರಿ ಅದು ನುಂಗಿದ್ದಕ್ಕಿಂತ ನನ್ನ ನೈಟಿಗೆ ಬಳಿದದ್ದೇ ಹೆಚ್ಚು. ಗದ್ದದ ಕೆಳಗೆ ಸುರಿದ ಹಸಿರು ಅಂಬಲಿ ಒಣಗಿದರೆ ಸಿಮೆಂಟಿನಷ್ಟು ಗಟ್ಟಿ, ಬೆಚ್ಚಗಿನ ಬಟ್ಟೆಯಿಂದ ಒರೆಸದಿದ್ದರೆ ಚರ್ಮವೇ ಕಿತ್ತು ಬರುತ್ತದೆ. ಗಂಡ ಟಾರ್ಚ್ ಹಿಡಿಯುವವನು, ನಾನು ಕುಡಿಸುವವಳು. ಶೇಂಗಾ ಪಕ್ಕದಲ್ಲಿ ಕುಳಿತು ಕರಕರ ಹುಲ್ಲು ಕಡಿಯುತ್ತಿತ್ತು. ಕಾನೂನಿನ ಅರ್ಥ ಆಗ ಗೊತ್ತಾಯಿತು: ಜೊತೆಗಾತಿ ತಿನ್ನುವ ಸದ್ದು ಕೇಳಿದಾಗಲೇ ಇದಕ್ಕೂ ಬಾಯಿ ಆಡಿಸಬೇಕೆನಿಸುತ್ತಿದ್ದದ್ದು.

ಆ ದಿನಗಳಲ್ಲಿ ಊರಿನಿಂದ ಬಂದ ಫೋನುಗಳಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಹೊಲಿಗೆ ಹೇಗಿದೆ, ನೋವಿದೆಯೇ, ದುಡ್ಡೆಷ್ಟಾಯಿತು ಎಂದು. ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ಜೀವನವಿಡೀ ದೇವಣಿ ತಳಿಯ ಎತ್ತು ಕಟ್ಟಿ ದುಡಿದ ಅಪ್ಪ ಮಾತ್ರ ಹೊಲಿಗೆಯ ಸುದ್ದಿಗೇ ಬರಲಿಲ್ಲ. “ಮೇವಿಗೆ ಬಾಯಿ ಹಾಕಿತೇ? ಹಿಕ್ಕೆ ಹಾಕಿತೇ? ಎಷ್ಟು ದಪ್ಪ ಇದೆ?” ಇಷ್ಟೇ. ಮರುದಿನ ವೈದ್ಯರ ಸಹಾಯಕಿ ಫೋನ್ ಮಾಡಿ ಕೇಳಿದ್ದೂ ಇದೇ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ. ಮೊದಲು ಬಿದ್ದ ಹಿಕ್ಕೆ ಜೀರಿಗೆಯಷ್ಟು ಸಣ್ಣದು, ಒಣಕಲು, ಒಂದು ತುದಿ ಚೂಪು. ಫೋಟೊ ಕಳುಹಿಸಿದೆ. “ಕರುಳು ಎದ್ದಿದೆ, ಹೊಟ್ಟೆ ಇನ್ನೂ ಖಾಲಿ, ಕುಡಿಸುವುದು ಬಿಡಬೇಡ” ಎಂದ ಅಪ್ಪ. ಜೋಳದ ಕಣಿಕೆಗೆ ಮೂತಿ ತಾಗಿಸದ ಎತ್ತಿನ ಪಕ್ಕ ರಾತ್ರಿಯಿಡೀ ಕುಳಿತ ಮನುಷ್ಯನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಜಾಣ ಪೆರುವಿನವರನ್ನೂ ಮತ್ತೆ ನೆನೆಯಲಿಲ್ಲ.

ಗಿನಿಪಿಗ್ ತನ್ನ ಹಿಕ್ಕೆಯಲ್ಲಿ ಮೆತ್ತಗಿನದನ್ನು ಮತ್ತೆ ತಿನ್ನುತ್ತದೆ, ಅದರಲ್ಲಿ ಬಿ ಜೀವಸತ್ವಗಳೂ ಕರುಳಿಗೆ ಬೇಕಾದ ಸೂಕ್ಷ್ಮಜೀವಿಗಳೂ ಇರುತ್ತವೆ. ಸೋದರತ್ತೆ ಇದನ್ನು ಕೇಳಿ ಮೂಗು ಮುರಿದರು. ಹುಮನಾಬಾದಿನ ಅಣ್ಣ ಮಾತ್ರ, ಆರೋಗ್ಯವಂತ ಹಸುವಿನ ಹೊಟ್ಟೆಯ ರಸವನ್ನು ಮೇವು ಬಿಟ್ಟ ಹಸುವಿಗೆ ಕುಡಿಸುವ ಚಿಕಿತ್ಸೆ ಪಶುವೈದ್ಯದಲ್ಲಿ ಹಳೆಯದು ಎಂದು ಅವರ ಬಾಯಿ ಮುಚ್ಚಿಸಿದ.

ಔಷಧಿಯ ವಿಷಯದಲ್ಲಿ ಒಂದನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಮನೆಯಲ್ಲಿ ಉಳಿದ ಮಾತ್ರೆಯನ್ನು ಪುಡಿ ಮಾಡಿ ಪ್ರಾಣಿಗಳಿಗೆ ಹಾಕುವ ಅಭ್ಯಾಸವಿದೆ. ಮಕ್ಕಳಿಗೆ ಸಲೀಸಾಗಿ ಕೊಡುವ ಅಮಾಕ್ಸಿಸಿಲಿನ್ ಗಿನಿಪಿಗ್‌ನ ಹೊಟ್ಟೆಗೆ ಬಿದ್ದರೆ ಪ್ರಾಣಕ್ಕೇ ಅಪಾಯ. ಪೆನಿಸಿಲಿನ್ ಬಳಗದ ಔಷಧಿಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ವಿಷ ಉಗುಳುವ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾಕ್ಕೆ ಜಾಗ ಬಿಟ್ಟುಕೊಡುತ್ತವೆ. ತೊಗರಿಗೆ ಕೊಟ್ಟದ್ದು ಬೇರೆ ಗುಂಪಿನ ಆ್ಯಂಟಿಬಯೊಟಿಕ್, ನೋವಿಗೆ ಮೆಲಾಕ್ಸಿಕಾಂ. ನೋವು ಇದ್ದರೆ ತಿನ್ನುವುದಿಲ್ಲ, ಆದ್ದರಿಂದ ನೋವಿನ ಮದ್ದು ಒಂದು ಹೊತ್ತೂ ತಪ್ಪಬಾರದು.

ಇನ್ನೊಂದು ಸಿ ಜೀವಸತ್ವ. ನಮ್ಮ ಹಾಗೆಯೇ ಗಿನಿಪಿಗ್ ಕೂಡ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ನಾಯಿ, ಬೆಕ್ಕು, ಎತ್ತು ಎಲ್ಲವೂ ತಯಾರಿಸಿಕೊಳ್ಳುತ್ತವೆ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೊಲಿಕ್ ಬೆರಿಬೆರಿ ರೋಗವನ್ನು ಅರಿಯಲು ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದರು. ಬಂದದ್ದು ಬೆರಿಬೆರಿಯಲ್ಲ, ನಾವಿಕರ ಒಸಡು ಕೊಳೆಸುತ್ತಿದ್ದ ಸ್ಕರ್ವಿ. ಆ ಜೀವಸತ್ವದ ಹುಡುಕಾಟಕ್ಕೆ ದಾರಿಯಾದದ್ದು ಈ ಪ್ರಾಣಿಯೇ. ಗಾಯ ಮಾಯಲು ಅದು ಇನ್ನೂ ಹೆಚ್ಚು ಬೇಕು. ನೀರಿಗೆ ಹಾಕಿಟ್ಟರೆ ಬೇಗ ನಾಶವಾಗುತ್ತದೆ, ಬಾಯಿಗೇ ಕೊಡಬೇಕು. ಕೆಳಗಿನ ಮನೆಯ ಅಜ್ಜಿ ದಿನವೂ ದೊಣ್ಣೆ ಮೆಣಸಿನಕಾಯಿ ಉದ್ದುದ್ದ ಹೆಚ್ಚಿಕೊಂಡು ಮೇಲೆ ಬರತೊಡಗಿದ್ದು ಆಗಲೇ. ತೊಗರಿ ತಾನಾಗಿ ಕಚ್ಚಿ ತಿಂದ ಮೊದಲ ತುಂಡು ಅವರ ಕೈಯಿಂದ, ನನ್ನ ಕೈಯಿಂದಲ್ಲ. ಅಷ್ಟು ರಾತ್ರಿ ಎದ್ದವಳು ನಾನು! ಹೊಟ್ಟೆ ಉರಿಯದೇ ಇರುತ್ತದೆಯೇ?

ಆಮೇಲೆ ತೂಕ ಏರಿತು, ಹಿಕ್ಕೆ ದಪ್ಪವಾಯಿತು, ಹೊಟ್ಟೆಯ ಮೇಲೆ ಕೂದಲು ಬಂದಿತು. ಹರಳು ಮತ್ತೆ ಬರುವ ಪ್ರಾಣಿ ಇದು, ಆದ್ದರಿಂದ ಆಗಾಗ ಎಕ್ಸ್‌ರೇ ಇದ್ದದ್ದೇ. ಮೇವಿನಲ್ಲಿ ಕುದುರೆ ಮಸಾಲೆ (ಅಲ್ಫಾಲ್ಫಾ) ಸೊಪ್ಪು ಬಂದ್, ಅದರಲ್ಲಿ ಸುಣ್ಣ ಹೆಚ್ಚು, ಬೆಳೆಯುವ ಮರಿಗಳಿಗೂ ಗಬ್ಬದವಕ್ಕೂ ಮಾತ್ರ ಅದು ಸರಿ. ಪಾಲಕ್, ಪಾರ್ಸ್ಲಿ ಅಪರೂಪಕ್ಕೆ. ಸೊಪ್ಪನ್ನು ನೀರು ತೊಟ್ಟಿಕ್ಕುವಂತೆಯೇ ಹಾಕುತ್ತೇವೆ, ಹೆಚ್ಚು ನೀರು ಹೋದಷ್ಟೂ ಮೂತ್ರ ತಿಳಿಯಾಗುತ್ತದೆ. ಹೊತ್ತು ಹೊತ್ತಿಗೂ ರಾಶಿ ಒಣಹುಲ್ಲು. ಇವುಗಳ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅರೆಯದಿದ್ದರೆ ಕೆಳಗಿನ ದವಡೆ ಹಲ್ಲುಗಳು ಎರಡೂ ಕಡೆಯಿಂದ ಬಾಗಿ ನಾಲಿಗೆಯ ಮೇಲೆ ಸೇತುವೆ ಕಟ್ಟಿಬಿಡುತ್ತವೆ. ನಾವು ಊರಿಗೆ ಬಂದಾಗ ಎರಡನ್ನೂ ನೋಡಿಕೊಂಡದ್ದು ಕೆಳಗಿನ ಮನೆಯ ಅಜ್ಜಿ. ದಿನವೂ ತೂಕದ ಪಟ್ಟಿ ಕಳುಹಿಸುತ್ತಿದ್ದರು, ಅಪ್ಪ ಅದನ್ನು ಕೇಳಿಸಿಕೊಂಡೇ ಚಹಾ ಕುಡಿಯುತ್ತಿದ್ದ.

ಇದೆಲ್ಲ ಕೇಳಿದ ನನ್ನ ಅಣ್ಣನ ಮಗನಿಗೆ ಈಗ ಕಲಬುರಗಿಯಲ್ಲೂ ಒಂದು ಜೊತೆ ಬೇಕಂತೆ. ಹೈದರಾಬಾದಿನಲ್ಲಿ ಸಿಗುತ್ತದಂತೆ. ಗಿನಿಪಿಗ್‌ಗೆ ಹಿತವಾದದ್ದು ಹದಿನೆಂಟರಿಂದ ಇಪ್ಪತ್ನಾಲ್ಕು ಡಿಗ್ರಿ, ಇಪ್ಪತ್ತೆಂಟು ದಾಟಿದರೆ ಬೆವರದ ಆ ಮೈಗೆ ಉಷ್ಣಾಘಾತದ ಭಯ. ನಮ್ಮೂರಿನ ಮೇ ತಿಂಗಳು ನಲವತ್ತೆರಡಕ್ಕೆ ಕಡಿಮೆ ಮಾತನಾಡುವುದಿಲ್ಲ. “ಕೂಲರ್ ಮುಂದೆ ಇಡುತ್ತೇನೆ ಅತ್ತೆ” ಎಂದ. ಕರೆಂಟ್ ಹೋದಾಗ? ಹರಳಾದರೆ ಯಾವ ಊರಿಗೆ ಒಯ್ಯುತ್ತೀ? ಐದರಿಂದ ಎಂಟು ವರ್ಷ ಬದುಕುತ್ತದೆ, ನೀನು ಬೆಂಗಳೂರಿಗೆ ಓದಲು ಹೋದ ಮೇಲೆ ತೂಗುವವರು ಯಾರು? ಸ್ವಲ್ಪ ಯೋಚಿಸಿ, “ಹಾಗಾದರೆ ಮೊಲ?” ಎಂದ. ಮೊಲವೂ ಸೆಕೆ ತಾಳುವುದಿಲ್ಲ, ಅದಕ್ಕೂ ವಾಂತಿಯಾಗುವುದಿಲ್ಲ, ಅದರ ಹಲ್ಲೂ ಬೆಳೆಯುತ್ತವೆ ಎಂದೆ. ಈಗ ಆಮೆಯ ಮಾತೆತ್ತಿದ್ದಾನೆ. ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೆಂದು ಅವನಿಗೆ ತಿಳಿಸುವ ಕೆಲಸ ಅವನ ಅಪ್ಪನದು, ನಾನು ವಿಮಾನ ಹತ್ತಿಯಾಯಿತು.