ವಾಪಸ್ ರೈಲಿನ ಟೈಮು ಹೇಳಬಾರದಿತ್ತು

ಶಿವಮೊಗ್ಗದ ಒಂದು ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಬುಕಿಂಗೂ ಲೆಕ್ಕಪತ್ರವೂ ನನ್ನವೇ. ಮೂರು ಟಿಟಿ (ಟೆಂಪೊ ಟ್ರಾವೆಲರ್), ನಾಲ್ಕು ಕಾರು ಇವೆ. ಜೋಗ, ಸಕ್ರೆಬೈಲು, ಕವಲೇದುರ್ಗ, ಆಗುಂಬೆ, ಸಿಗಂದೂರು, ವರ್ಷವಿಡೀ ಇವೇ ದಾರಿಗಳು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿಗೆ ಸೇತುವೆ ಆಯಿತು, ಲಾಂಚಿಗೆ ಕಾಯುವುದು ತಪ್ಪಿತು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವ ಮನೆಯವರು ನಮ್ಮಲ್ಲಿ ಹೆಚ್ಚಾದರು.

ಆ ದಸರಾ ರಜೆಯಲ್ಲಿ ಒಬ್ಬ ಅಜ್ಜಿ ಬೆಳಿಗ್ಗೆ ಏಳಕ್ಕೆ ಗಾಡಿ ಹತ್ತಿದವರು ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯಲಿಲ್ಲ. ನಮ್ಮ ಹಿರಿಯ ಡ್ರೈವರ್ ಅಣ್ಣ ಸಾಗರದ ಹತ್ತಿರ ಬಾಟಲಿ ಕೊಟ್ಟು ಕೇಳಿದರೆ, "ಕುಡಿದು ದಾರೀಲಿ ಎಲ್ಲಿಗೆ ಹೋಗ್ಲಿ ಮಗಾ" ಅಂದರಂತೆ. ನನಗೂ ಆ ಕಷ್ಟ ಗೊತ್ತು. ಹೆಂಗಸರಿಗೆಲ್ಲ ಗೊತ್ತು. ಅಣ್ಣ ಬಂದು ಇದನ್ನು ಹೇಳಿದಾಗ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟಾಯ್ಲೆಟ್ಟು, ಮಲಗೋಕೆ ಜಾಗ ಇರೋ ಒಂದು ಕ್ಯಾರವಾನ್ ನೋಡಿ, ನೀವಿಬ್ಬರೇ ಹೋಗಿ ಬನ್ನಿ" ಅಂದರು. ಅಣ್ಣ ಇಪ್ಪತ್ತು ವರ್ಷ ಘಾಟಿ ಇಳಿದು ಹತ್ತಿದವರು. ನನಗೆ ಕಾಗದ ಓದಲು ಬರುತ್ತದೆ. ಇಷ್ಟು ಸಾಕು ಅಂದುಕೊಂಡು ಹೊರಟೆವು.

ಮೊದಲು ಹೋದದ್ದು ಬೆಂಗಳೂರಿನ ಹೊರಗೆ ಕ್ಯಾರವಾನ್ ಕಟ್ಟಿಕೊಡುವ ಒಂದು ಶೆಡ್‌ಗೆ. ಸೇಲ್ಸ್‌ನವರು ಸ್ಟೇಷನ್ನಿಗೇ ಕಾರು ತಂದಿದ್ದರು. ತಿಂಡಿ ಆಯ್ತಾ, ಶಿವಮೊಗ್ಗದಲ್ಲಿ ಮಳೆ ಹೇಗಿದೆ ಎಂದೆಲ್ಲ ವಿಚಾರಿಸುತ್ತ ನಡುವೆ, "ವಾಪಸ್ ಯಾವಾಗ ಮೇಡಂ?" ಎಂದರು. "ಇವತ್ತೇ, ಸಂಜೆ ಜನಶತಾಬ್ದಿಗೆ" ಎಂದೆ. ಆ ಒಂದು ಮಾತಿನ ಮೇಲೆ ಇಡೀ ದಿನ ನಡೆಯಿತು ಎಂದು ಆಮೇಲೆ ಗೊತ್ತಾಯಿತು. ಮಧ್ಯಾಹ್ನದವರೆಗೆ ಕಾಫಿ, ಶೆಡ್ಡು, ಹಳೆ ಗಿರಾಕಿಗಳ ಫೋಟೊ. ಆಮೇಲೆ ಊಟ. ಗಾಡಿಯೊಳಗೆ ಹತ್ತಿಸಿದ್ದು ಎರಡು ಗಂಟೆಗೆ, ರೇಟು ಬಾಯಿಬಿಟ್ಟಿದ್ದು ಮೂರೂಕಾಲಿಗೆ. "ಹುಬ್ಬಳ್ಳಿ ಪಾರ್ಟಿ ನಾಳೆ ಬೆಳಿಗ್ಗೆ ಬರ್ತಿದ್ದಾರೆ ಮೇಡಂ. ಟೋಕನ್ ಹಾಕಿದ್ರೆ ನಿಮಗೆ ಹಿಡಿದಿಡ್ತೀನಿ, ಈಗಲೇ ಹೊರಟರೆ ನಿಮ್ಮ ಟ್ರೇನೂ ಸಿಗುತ್ತೆ." ಅಣ್ಣ ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ಯುಪಿಐನಲ್ಲಿ ಐವತ್ತು ಸಾವಿರ ಕಳಿಸಿದೆ.

ರಸೀದಿ ಮೊಬೈಲಿಗೆ ಬಂದಾಗ ರೈಲು ತುಮಕೂರು ದಾಟಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ, ಮುಂಗಡ ಹಿಂತಿರುಗಿಸಲಾಗುವುದಿಲ್ಲ. ಜೊತೆಗೆ ಬಂದ ಕೊಟೇಶನ್ನು ಅರಸೀಕೆರೆವರೆಗೆ ಮತ್ತೆ ಮತ್ತೆ ಓದಿದೆ. ಅವರು ಹೇಳಿದ ರೇಟು ಒಳಗಿನ ಕೆಲಸದ್ದು ಮಾತ್ರ. ಗಾಡಿ ಬೇರೆ, ರಿಜಿಸ್ಟ್ರೇಶನ್ ಬೇರೆ, ಇನ್ಶೂರೆನ್ಸ್ ಬೇರೆ. ಬಾಯಿಮಾತಿನಲ್ಲಿ ಅವರು ಸುಳ್ಳು ಹೇಳಿರಲಿಲ್ಲ. "ಇದರಲ್ಲಿ ಏನೇನು ಸೇರಿದೆ" ಎಂದು ನಾನು ಕೇಳಿರಲಿಲ್ಲ, ಕೇಳುವಷ್ಟು ಹೊತ್ತು ನನಗೆ ಉಳಿಯದ ಹಾಗೆ ದಿನ ಕಳೆದಿತ್ತು.

ರಾತ್ರಿ ನಿದ್ದೆ ಬರಲಿಲ್ಲ. ದುಡ್ಡು ನನ್ನದಾಗಿದ್ದರೆ ಅಷ್ಟು ಸಂಕಟ ಆಗುತ್ತಿರಲಿಲ್ಲ. ಬೆಳಿಗ್ಗೆ ಆಫೀಸಿಗೆ ಹೋದವಳೇ ಯಜಮಾನರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯವರು. "ಮಂಡೀಲಿ ಚೀಲದ ಬಾಯಲ್ಲಿರೋ ಅಡಿಕೆ ನೋಡಿ ಯಾರಾದ್ರೂ ರೇಟು ಹಾಕ್ತಾರೇನಮ್ಮ? ಕೆಳಗೆ ಕೈ ಹಾಕಿ ತೆಗೀತಾರೆ, ಒಡೆದು ನೋಡ್ತಾರೆ. ಮುಂದಿನ ಸಲ ಹಾಗೆ ನೋಡು" ಅಂದರು, ಅಷ್ಟೇ. ಐವತ್ತು ಸಾವಿರದಲ್ಲಿ ಅರ್ಧ ವಾಪಸ್ ಬಂತು, ಅದೂ ವಕೀಲರಿಂದ ನೋಟೀಸು ಹೋದ ಮೇಲೆ.

ಅಲ್ಲಿಂದ ಮುಂದೆ ಕ್ಯಾರವಾನ್ ನೋಡುವುದಕ್ಕೆಂದೇ ರೈಲು ಹತ್ತಲಿಲ್ಲ. ಗಿರಾಕಿಗಳನ್ನು ಬಿಡಲು ಟಿಟಿ ದೂರದ ಊರಿಗೆ ಹೋದಾಗ ನಾನೂ ಜೊತೆಗೆ ಹೋಗಿ, ಅಲ್ಲೇ ಲಾಡ್ಜಿನಲ್ಲಿ ಒಂದು ರಾತ್ರಿ ಉಳಿದು ನೋಡುತ್ತಿದ್ದೆವು. ವಾಪಸ್ ಯಾವಾಗ ಎಂದು ಯಾರು ಕೇಳಿದರೂ "ಇನ್ನೂ ಗೊತ್ತಿಲ್ಲ" ಎಂಬ ಒಂದೇ ಉತ್ತರ. ದುಡ್ಡು ಕಳಿಸುವ ಅಧಿಕಾರವನ್ನು ನಾನೇ ಯಜಮಾನರಿಗೆ ಬಿಟ್ಟುಕೊಟ್ಟೆ. ಸೇಲ್ಸ್‌ನವರು ಎಷ್ಟೇ ಒತ್ತಾಯ ಮಾಡಿದರೂ "ನನ್ನ ಕೈಯಲ್ಲಿಲ್ಲ ಸಾರ್, ಊರಿಗೆ ಹೋಗಿ ಹೇಳ್ತೀವಿ" ಎಂದರೆ ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಆ ಮಾತು ನಿಜವೂ ಆಗಿದ್ದರಿಂದ ಹೇಳುವಾಗ ನನ್ನ ದನಿ ಅಳುಕುತ್ತಿರಲಿಲ್ಲ.

ಎರಡನೇ ಕಡೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗಾಡಿ ಹತ್ತಿದರೆ ಒಳಗೆ ಎಸಿ ತಣ್ಣಗೆ ಬೀಸುತ್ತಿತ್ತು, ಫ್ರಿಜ್ ಓಡುತ್ತಿತ್ತು, ಟಿವಿ ಹಚ್ಚಿತ್ತು. "ಎಲ್ಲ ಬ್ಯಾಟರಿ ಮೇಲೇ ಮೇಡಂ, ರಾತ್ರಿಯಿಡೀ ಓಡುತ್ತೆ." ನಾನು ಬರೆದುಕೊಳ್ಳುತ್ತಿದ್ದೆ. ಅಣ್ಣ ಮಾತ್ರ ಕೆಳಗಿಳಿದು ಗಾಡಿ ಸುತ್ತ ಒಂದು ಸುತ್ತು ಹಾಕಿದರು. ಹಿಂದುಗಡೆ ಒಂದು ದಪ್ಪ ವೈರು ಗಾಡಿಯಿಂದ ಹೊರಟು ಶೆಡ್ಡಿನ ಗೋಡೆಯ ಸಾಕೆಟ್ಟಿಗೆ ಹೋಗಿತ್ತು. "ಇದನ್ನ ತೆಗೀಲಾ ಸಾರ್?" ಎಂದು ಅಲ್ಲಿಂದಲೇ ಕೇಳಿದರು. ಸೇಲ್ಸ್‌ನವರಿಗೆ ಬೇಡ ಎನ್ನಲು ಆಗಲಿಲ್ಲ. ಪ್ಲಗ್ ಕಿತ್ತ ಸ್ವಲ್ಪ ಹೊತ್ತಿಗೇ ಇನ್ವರ್ಟರ್ ಕೂಗತೊಡಗಿತು, ಎಸಿ ನಿಂತಿತು.

ನಾನು ಕ್ಯಾಲ್ಕುಲೇಟರ್ ತೆಗೆದೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಎರಡು ಇದ್ದವು. ಗುಣಿಸಿದರೆ 3,600 ವಾಟ್-ಅವರ್. ಮಾಮೂಲಿ ಲೆಡ್ ಆ್ಯಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಅಂದರೆ ಕೈಗೆ ಸಿಗುವುದು 1,800. ಒಂದು ಟನ್ ಎಸಿ ಸಾವಿರ ವಾಟ್ ಮೇಲೆಯೇ ಎಳೆಯುತ್ತದೆ, ಇನ್ವರ್ಟರ್ ತಿನ್ನುವುದು ಬೇರೆ. ಒಂದೂವರೆ ಗಂಟೆ ಓಡಿದರೆ ಹೆಚ್ಚು. ಲಿಥಿಯಂ ಬ್ಯಾಟರಿಯಾದರೆ ಬಹುಪಾಲು ಬಳಸಬಹುದು, ರೇಟೂ ಹಾಗೇ ಏರುತ್ತದೆ. "ಮೇಲೆ ಸೋಲಾರ್ ಇದೆಯಲ್ಲ ಮೇಡಂ" ಎಂದರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಗೆ ಹೋಗುವ ಗಾಡಿ ಅದು. ಆಟಿ (ಆಷಾಢ) ತಿಂಗಳಲ್ಲಿ ಅಲ್ಲಿ ಸೂರ್ಯನ ಮುಖ ಕಾಣದೆ ದಿನಗಟ್ಟಲೆ ಕಳೆಯುತ್ತದೆ. ನಮಗೆ ಬೇಕಾದದ್ದು ಗಾಡಿ ಓಡುವಾಗ ಎಂಜಿನ್ನಿಂದಲೇ ಈ ಒಳಗಿನ ಬ್ಯಾಟರಿ ಚಾರ್ಜ್ ಆಗುವ ವ್ಯವಸ್ಥೆ. ಅದರ ಬಗ್ಗೆ ಆ ದಿನ ಅವರು ಒಂದು ಮಾತೂ ಆಡಿರಲಿಲ್ಲ.

ಇನ್ನೂ ಒಂದು ವಿಷಯ ಆ ಹೊತ್ತಿಗೆ ನನಗೆ ಹೊಳೆಯಿತು. ಎಲ್ಲರೂ ಎಸಿ, ಟಿವಿಯನ್ನೇ ಮುಂದಿಟ್ಟು ಮಾರುತ್ತಿದ್ದರು. ನಮ್ಮ ಕಡೆ ರಾತ್ರಿ ಕಂಬಳಿ ಬೇಕು. ಮಲೆನಾಡಿನಲ್ಲಿ ಗಾಡಿಯ ಶತ್ರು ಸೆಕೆಯಲ್ಲ, ಥಂಡಿಯ ತೇವ. ಮುಚ್ಚಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುವ ಊರಿನಲ್ಲಿ ಮುಚ್ಚಿಟ್ಟ ಗಾಡಿಗೆ ಏನಾಗಬಹುದು ಯೋಚಿಸಿ.

ಮೂರನೇ ಕಡೆ ಹೋದಾಗ ಅಣ್ಣ ಮೊದಲು ಕೇಳಿದ್ದು ನೀರಿನ ಪೈಪು. ಗಾಡಿಯ ತಲೆಯ ಮೇಲೆ ಇಪ್ಪತ್ತು ನಿಮಿಷ ನೀರು ಬಿಡಿಸಿದರು. ನಾನು ಒಳಗೆ ಕೂತು ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿದೆ. ಹದಿನೈದನೇ ನಿಮಿಷಕ್ಕೆ ಗಾಳಿಕಿಂಡಿಯ ಒಂದು ಮೂಲೆಯಿಂದ ನೀರು ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಹಾಸಿಗೆ ಎತ್ತಿ ನೋಡಿದರೆ ಕೆಳಗಿನ ಹಲಗೆ ಆಗಲೇ ಉಬ್ಬಿತ್ತು, ಕಪಾಟಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಡೆಮೊ ಗಾಡಿ, ಬರೀ ಒಂದು ಮಳೆಗಾಲ ಕಂಡದ್ದು. ಆ ಮೇಲೆ ಎಲ್ಲಿಗೆ ಹೋದರೂ ಒಳಗಿನ ಕೆಲಸಕ್ಕೆ ನೀರು ತಡೆಯುವ ಐಎಸ್ 710 ದರ್ಜೆಯ ಮರೀನ್ ಪ್ಲೈವುಡ್ಡೇ ಹಾಕಬೇಕು, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಎಲ್ಲಿಯೂ ಬೇಡ, ಇದನ್ನು ಕೊಟೇಶನ್ನಿನಲ್ಲೇ ಬರೆದುಕೊಡಿ ಎಂದು ಕೇಳತೊಡಗಿದೆ. ಬಾಯಲ್ಲಿ "ಹಾಕ್ತೀವಿ ಮೇಡಂ" ಎನ್ನುವವರಲ್ಲಿ ಬರೆದುಕೊಡಲು ಒಪ್ಪುವವರು ಕಡಿಮೆ.

ಗ್ಯಾಸ್ ಒಲೆ ನಾವು ಬೇಡವೆಂದೆವು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ, ಹೊರಗೆ ಹೋಗಲು ನೆಲದ ಮಟ್ಟದಲ್ಲೇ ಕಿಂಡಿ ಇರಬೇಕು. ನಾವು ನೋಡಿದ ಎರಡು ಗಾಡಿಗಳಲ್ಲಿ ಕಿಂಡಿ ಇದ್ದದ್ದು ಮೇಲ್ಗಡೆ. ನಮ್ಮ ದಾರಿಯಲ್ಲಿ ಊಟಕ್ಕೆ, ಕಾಫಿಗೆ ಜಾಗ ಬೇಕಾದಷ್ಟಿವೆ.

ಅಣ್ಣನ ಜೇಬಿನಲ್ಲಿ ಯಾವಾಗಲೂ ಟೇಪು. ಉದ್ದ, ಎತ್ತರ ಅಳೆದಾದ ಮೇಲೆ ಹಿಂದಿನ ಚಕ್ರದಿಂದ ಬಾಲದ ತುದಿಯವರೆಗೆ ಪ್ರತ್ಯೇಕವಾಗಿ ಅಳೆಯುತ್ತಿದ್ದರು. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳು, ಬಾಲ ಉದ್ದವಾದರೆ ತಿರುಗಿಸುವಾಗ ಹಿಂಭಾಗ ತಡೆಗೋಡೆಗೆ ಬಡಿಯುತ್ತದೆ. ಭಾರೀ ವಾಹನಗಳನ್ನು ಅಲ್ಲಿ ಬಿಡುವುದೂ ಇಲ್ಲ. ಬಸ್ಸಿನ ಚಾಸಿಯ ಮೇಲೆ ಕಟ್ಟಿದ ದೊಡ್ಡ ಕ್ಯಾರವಾನ್ ನನಗೆ ತುಂಬ ಹಿಡಿಸಿತ್ತು. "ಅಕ್ಕಾ, ಇದು ಹೈವೇ ಗಾಡಿ, ನಮ್ಮ ಗಾಡಿ ಅಲ್ಲ" ಎಂದು ಅಣ್ಣ ಮೆಲ್ಲಗೆ ಹೇಳಿದರು. ತೂಕವೂ ಅಷ್ಟೇ ಮುಖ್ಯ. ನೂರೈವತ್ತು ಲೀಟರ್ ನೀರೆಂದರೆ ನೂರೈವತ್ತು ಕೆಜಿ, ಅದರ ಮೇಲೆ ಜನ, ಅವರ ಬ್ಯಾಗು, ಬ್ಯಾಟರಿ. ಅಡಿಕೆ ಲಾರಿ ತೂಗುವ ಹಾಗೆ ಟ್ಯಾಂಕ್ ತುಂಬಿಸಿದ ಗಾಡಿಯನ್ನು ವೇಬ್ರಿಡ್ಜಿಗೆ ಒಯ್ದು ತೂಗಿಸಿ, ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಗೆ ಹೋಲಿಸಬೇಕು. ಆರು ಜನ ಮಲಗಬಹುದು ಎಂದು ತೋರಿಸಿದ ಒಂದು ಗಾಡಿಯಲ್ಲಿ ಬೆಲ್ಟ್ ಇರುವ ಸೀಟು ನಾಲ್ಕೇ ಇದ್ದವು.

ಕಾಗದಪತ್ರದ ವಿಷಯಕ್ಕೆ ಬಂದರೆ, "ಆರ್‌ಟಿಒ ನಾವು ನೋಡ್ಕೋತೀವಿ" ಎಂಬ ಮಾತನ್ನು ಎಲ್ಲ ಕಡೆ ಕೇಳಿದೆ. ಒಬ್ಬರಂತೂ ಬಿಳಿ ಬೋರ್ಡ್ ಮಾಡಿಸಿ, ತೆರಿಗೆ ಉಳಿಯುತ್ತೆ ಎಂದರು. ಸ್ವಂತ ಬಳಕೆಗೆ ನೋಂದಾಯಿಸಿದ ಗಾಡಿಯನ್ನು ಬಾಡಿಗೆಗೆ ಬಿಟ್ಟು, ಘಾಟಿಯಲ್ಲಿ ಏನಾದರೂ ಆಗಿ, ವಿಮಾ ಕಂಪನಿ ಕೈ ಎತ್ತಿದರೆ ಒಳಗೆ ಕೂತಿದ್ದವರ ಮನೆಯವರ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ? ಅದನ್ನು ಅಲ್ಲಿಯೇ ಬೇಡವೆಂದೆ. ಸಾಮಾನ್ಯ ಗಾಡಿಯೊಳಗೆ ಮನಸ್ಸಿಗೆ ಬಂದ ಹಾಗೆ ಮಂಚ, ಟ್ಯಾಂಕ್ ಕೂರಿಸಿ ಸುಮ್ಮನಿರಲು ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿಗೆ ಮಿತಿ ಹಾಕಿದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿದೆ. ಕ್ಯಾರವಾನ್‌ಗೆಂದೇ ಎಐಎಸ್-124 ಎಂಬ ಮಾನದಂಡ ಇದೆ. ಅದರ ಪ್ರಕಾರ ಅನುಮೋದನೆ ಪಡೆದ ಪತ್ರದ ಪ್ರತಿ ತೋರಿಸಿ ಎಂದು ಕೇಳುವುದು ರೇಟು ಕೇಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ. ಸೆಕೆಂಡ್ ಹ್ಯಾಂಡ್ ಆದರೆ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಸಾಲ ಬಾಕಿ ಇದೆಯೇ ನೋಡಿ. ಬೇರೆ ರಾಜ್ಯದ್ದಾದರೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿ ಮತ್ತೆ ತೆರಿಗೆ. ಟೈರಿನ ಮೇಲೆ ನಾಲ್ಕಂಕಿ ಇರುತ್ತದೆ, 3219 ಎಂದರೆ 2019ರ 32ನೇ ವಾರ ತಯಾರಾದದ್ದು. ಹೆಚ್ಚು ಓಡದ ಕ್ಯಾರವಾನ್‌ನಲ್ಲಿ ಟೈರು ಹೊಸದರಂತೆ ಕಂಡರೂ ರಬ್ಬರ್ ಹಳತಾಗಿರುತ್ತದೆ. ಹತ್ತು ಲಕ್ಷ ದಾಟಿದ ಗಾಡಿಗೆ ಮಾರುವವರು ಶೇ 1ರಷ್ಟು ಟಿಸಿಎಸ್, ಅಂದರೆ ಮುಂಗಡ ಆದಾಯ ತೆರಿಗೆ, ಹಿಡಿಯುತ್ತಾರೆ, ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಕೊಟೇಶನ್ನಿನಲ್ಲಿ ಅದನ್ನು ಕಂಡು ಗಾಬರಿಯಾಗಬೇಡಿ.

ಸೇಲ್ಸ್‌ನವರೆಲ್ಲ ಒಂದೇ ಅಲ್ಲ. ನಾಲ್ಕನೇ ಕಡೆ ಒಬ್ಬ ಹುಡುಗ, ಇಪ್ಪತ್ತೈದರ ಒಳಗಿನವನು, ನಾವು ಬೆರಳು ತೋರಿಸಿದ ಗಾಡಿ ಬಿಟ್ಟು ಬೇರೊಂದರ ಬಾಗಿಲು ತೆಗೆದ. "ಘಾಟಿ ಅಂದ್ರಲ್ಲ ಅಕ್ಕ, ಅದು ಬೇಡ. ಇದು ಚಿಕ್ಕದು, ನನಗೆ ಕಮಿಷನ್ನೂ ಚಿಕ್ಕದು, ಆದ್ರೆ ನಿಮಗೆ ಇದೇ ಸರಿ." ಅವನಿಗೂ ತಿಂಗಳ ಕೊನೆಯ ಟಾರ್ಗೆಟ್ ಇದ್ದೇ ಇರುತ್ತದೆ. ಎರಡು ಮಳೆಗಾಲ ಈ ಗಾಡಿ ಓಡಿಸಿದ ಗಿರಾಕಿಯ ಜೊತೆ ಮಾತಾಡಬೇಕು ಎಂದಾಗ, ಉಳಿದವರು ಮಾತು ತಿರುಗಿಸಿದ ಜಾಗದಲ್ಲಿ ಅವನು ತಕ್ಷಣ ಕರಾವಳಿ ಕಡೆಯ ಒಬ್ಬರಿಗೆ ಫೋನ್ ಹಚ್ಚಿ ಕೊಟ್ಟು ತಾನು ಹೊರಗೆ ಹೋಗಿ ನಿಂತ. ಅವರು ಗಾಡಿಯ ಒಳ್ಳೆಯದನ್ನೂ ಹೇಳಿದರು, ಎಡಗಡೆ ಕಿಟಕಿಯ ರಬ್ಬರ್ ಎರಡು ಸಲ ಬದಲಾಯಿಸಿದ್ದನ್ನೂ ಹೇಳಿದರು. ಪ್ಲಗ್ ಕಿತ್ತು ನೋಡಿದೆವು, ನೀರು ಬಿಟ್ಟು ನೋಡಿದೆವು, ಆ ರಾತ್ರಿ ಅವರ ಅಂಗಳದಲ್ಲೇ ಗಾಡಿಯೊಳಗೆ ನಾನು ಮಲಗಿದೆ, ಅಣ್ಣ ಟಿಟಿಯಲ್ಲಿ. ಬೆಳಿಗ್ಗೆ ಟಾಯ್ಲೆಟ್ ಬಳಸಿದಾಗ ಬಾಗಿಲು ಒಳಮುಖ ತೆಗೆಯುವುದರಿಂದ ಮೊಣಕಾಲು ನೋವಿನವರಿಗೆ ಕಷ್ಟ ಎಂದು ತಿಳಿಯಿತು. ನಿಂತು ನೋಡಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಬಾಗಿಲು ಹೊರಮುಖ ಮಾಡಿ, ಒಂದು ಹಿಡಿಗಂಬಿ ಹಾಕಿಕೊಡಲು ಒಪ್ಪಿದರು. ಊರಿಗೆ ಬಂದು, ಎರಡು ದಿನ ಕಾಗದ ಓದಿ, ಆರ್ಡರ್ ಕೊಟ್ಟೆವು.

ಈಗ ಉಳಿದಿರುವುದು ಟಾಯ್ಲೆಟ್ ಟ್ಯಾಂಕಿನ ಪ್ರಶ್ನೆ. ಹೊರಗೆಳೆದು ಖಾಲಿ ಮಾಡುವ ಕ್ಯಾಸೆಟ್ ಅದು, ಸುಮಾರು ಇಪ್ಪತ್ತು ಲೀಟರಿನದು. ನಾಲ್ಕೈದು ಜನರಿದ್ದರೆ ದಿನಕ್ಕೊಮ್ಮೆ ಖಾಲಿ ಮಾಡಲೇಬೇಕು. ಎಲ್ಲಿ ಎಂದು ಯಾವ ಸೇಲ್ಸ್‌ನವರೂ ಹೇಳಲಿಲ್ಲ. ಶರಾವತಿಗೋ ತುಂಗೆಗೋ ಹರಿಯುವ ಹಳ್ಳದ ಬದಿಯಲ್ಲಿ ನಮ್ಮ ಗಾಡಿ ಅದಕ್ಕಾಗಿ ನಿಲ್ಲಬಾರದು ಎಂದು ಯಜಮಾನರು ಮೊದಲೇ ಹೇಳಿದ್ದಾರೆ. ಸಾಗರದ ಹತ್ತಿರ ಒಂದು ಹೋಂಸ್ಟೇ, ತೀರ್ಥಹಳ್ಳಿ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕು ತಮ್ಮ ಟಾಯ್ಲೆಟ್ಟಿಗೆ ಸುರಿದು ತೊಳೆಯಲು ಒಪ್ಪಿವೆ, ಸಲಕ್ಕೆ ಇಷ್ಟು ಎಂದು ಮಾತಾಗಿದೆ. ಹೊಸನಗರ ಕಡೆಗೆ ಇನ್ನೊಂದು ಜಾಗ ಬೇಕು. ಸೋಮವಾರ ಅಣ್ಣ ನಿಟ್ಟೂರಿಗೆ ಗಿರಾಕಿಗಳನ್ನು ಬಿಡಲು ಹೋಗುವಾಗ ವಿಚಾರಿಸಿಕೊಂಡು ಬರುತ್ತಾರೆ.