ಮೊಲದ ತುರಿಕೆ: ಹುಣ್ಣಿರುವ ಜಾಗ ಹೇಳುವ ಸಂಗತಿ

ಸಣ್ಣ ಪ್ರಾಣಿಗಳ ಪಶುವೈದ್ಯನಾಗಿ ನಾನು ಕಲಿತದ್ದರಲ್ಲಿ ಮೊಲಗಳ ವಿಷಯಕ್ಕೆ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಅಭ್ಯಾಸ. ಮೊಲ ಮೈ ಕೆರೆದುಕೊಂಡು ಹುಣ್ಣು ಮಾಡಿಕೊಂಡಿದ್ದರೆ, ಆ ಹುಣ್ಣು ಹೇಗೆ ಕಾಣುತ್ತದೆ ಎಂಬುದಕ್ಕಿಂತ ಮೊದಲು ಅದು ಮೈಯ ಯಾವ ಭಾಗದಲ್ಲಿದೆ ಎಂಬುದನ್ನು ಗಮನಿಸುತ್ತೇನೆ. ಕೂದಲು ಉದುರಿ, ಚರ್ಮ ಕೆಂಪಾಗಿ, ಹಕ್ಕಳೆ ಕಟ್ಟಿದ ಗಾಯಗಳು ಕಾರಣ ಏನೇ ಇದ್ದರೂ ಬಹುಮಟ್ಟಿಗೆ ಒಂದೇ ರೀತಿ ಕಾಣುತ್ತವೆ. ಕಾರಣದ ಸುಳಿವು ಸಿಗುವುದು ಹೆಚ್ಚಾಗಿ ಜಾಗದಿಂದ.

ಕಿವಿಯ ಒಳಗೆ ಕಂದು ಬಣ್ಣದ ಹಕ್ಕಳೆ ಪದರಪದರವಾಗಿ ತುಂಬಿದ್ದು, ಮೊಲವು ಪದೇಪದೇ ತಲೆ ಒದರುತ್ತ ಹಿಂಗಾಲಿನಿಂದ ಕಿವಿಯ ಬುಡವನ್ನು ಕೆರೆಯುತ್ತಿದ್ದರೆ, ಅದು ಸಾಮಾನ್ಯವಾಗಿ ಸೊರೋಪ್ಟಿಸ್ ಕ್ಯುನಿಕ್ಯುಲೈ ಎಂಬ ಕಿವಿನುಸಿಯಿಂದ ಬಂದ ತೊಂದರೆ. ಇಲ್ಲಿ ಸಾಕಿದವರು ಅಕ್ಕರೆಯಿಂದಲೇ ಮಾಡುವ ಒಂದು ಕೆಲಸ ಮೊಲಕ್ಕೆ ಬಹಳ ನೋವು ಕೊಡುತ್ತದೆ: ಹತ್ತಿಯಿಂದಲೋ ಚಿಮಟದಿಂದಲೋ ಆ ಹಕ್ಕಳೆಯನ್ನು ಕಿತ್ತು ಕಿವಿಯನ್ನು ಶುಚಿಗೊಳಿಸಲು ನೋಡುವುದು. ಹಕ್ಕಳೆಯ ಅಡಿಯಲ್ಲಿರುವುದು ಹಸಿ ಚರ್ಮ. ಕಿತ್ತರೆ ರಕ್ತ ಬರುತ್ತದೆ. ಐವರ್ಮೆಕ್ಟಿನ್ ಅಥವಾ ಸೆಲಮೆಕ್ಟಿನ್ ಔಷಧವನ್ನು ಮೊಲದ ತೂಕಕ್ಕೆ ಸರಿಯಾಗಿ ಲೆಕ್ಕಹಾಕಿ ಕೊಟ್ಟರೆ ನುಸಿಗಳು ಸಾಯುತ್ತವೆ, ಹಕ್ಕಳೆಯೂ ಕೆಲವು ದಿನಗಳಲ್ಲಿ ತಾನಾಗಿ ಉದುರಿಹೋಗುತ್ತದೆ. ಮೊಟ್ಟೆಯಿಂದ ಮತ್ತೆ ಮೊಟ್ಟೆಯವರೆಗಿನ ಈ ನುಸಿಯ ಜೀವನಚಕ್ರಕ್ಕೆ ಸುಮಾರು 3 ವಾರ ಬೇಕಾಗುವುದರಿಂದ, ತುರಿಕೆ ನಿಂತಿತೆಂದು ಮುಂದಿನ ಸರದಿಯ ಔಷಧವನ್ನು ಬಿಟ್ಟುಬಿಡಬಾರದು.

ಹೆಗಲಿನ ಮೇಲೆ, ಕತ್ತಿನ ಹಿಂಭಾಗದಲ್ಲಿ ಮತ್ತು ಬೆನ್ನ ಮೇಲೆ ಬಿಳಿ ಹೊಟ್ಟು ದಟ್ಟವಾಗಿದ್ದರೆ ಶೈಲಿಟಿಯೆಲ್ಲ ಎಂಬ ಮತ್ತೊಂದು ನುಸಿಯನ್ನು ಶಂಕಿಸುತ್ತೇವೆ. ಪಾರದರ್ಶಕ ಅಂಟುಪಟ್ಟಿಯನ್ನು ಆ ಜಾಗಕ್ಕೆ ಒತ್ತಿ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಅದು ಬಹಳ ಸಲ ಸಿಕ್ಕಿಬೀಳುತ್ತದೆ. ಮೊಲವನ್ನು ಎತ್ತಿಕೊಳ್ಳುವವರ ತೋಳಿನಲ್ಲಿ ಕೆಂಪು ಗುಳ್ಳೆಗಳಿವೆಯೇ ಎಂದೂ ನಾನು ಕೇಳುತ್ತೇನೆ, ಏಕೆಂದರೆ ಇದು ಮನುಷ್ಯರನ್ನೂ ಕಚ್ಚುತ್ತದೆ. ಆದರೆ ನುಸಿ ಸಿಕ್ಕಿತೆಂದು ಅಲ್ಲಿಗೇ ಪರೀಕ್ಷೆಯನ್ನು ನಿಲ್ಲಿಸುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಆರೋಗ್ಯವಾಗಿರುವ ಮೊಲವು ದಿನವಿಡೀ ತನ್ನ ಮೈಯನ್ನು ನೆಕ್ಕಿ ಶುಚಿಮಾಡಿಕೊಳ್ಳುವುದರಿಂದ, ಈ ನುಸಿ ಅಲ್ಪಸ್ವಲ್ಪ ಇದ್ದರೂ ಹೊರಗೆ ಕಾಣಿಸಿಕೊಳ್ಳುವುದಿಲ್ಲ. ಅದು ವಿಪರೀತ ಹೆಚ್ಚಿದೆ ಎಂದರೆ ಮೊಲಕ್ಕೆ ಬೆನ್ನಿನವರೆಗೆ ಬಾಯಿ ತಲುಪಿಸಲು ಆಗುತ್ತಿಲ್ಲ ಎಂದೂ ಅರ್ಥವಿರಬಹುದು. ಬೊಜ್ಜು ಬಂದಿರಬಹುದು, ಬೆನ್ನೆಲುಬಿನ ಕೀಲುಗಳಲ್ಲಿ ನೋವಿರಬಹುದು, ಹಲ್ಲು ವಕ್ರವಾಗಿ ಬೆಳೆದು ಬಾಯಲ್ಲಿ ಹುಣ್ಣಾಗಿರಬಹುದು. ಆ ಮೂಲವನ್ನು ಸರಿಪಡಿಸದಿದ್ದರೆ, ನುಸಿಯನ್ನು ಎಷ್ಟು ಚೆನ್ನಾಗಿ ನಿವಾರಿಸಿದರೂ ಅದೇ ಮೊಲ ಅದೇ ಹೊಟ್ಟಿನೊಂದಿಗೆ ಮರಳಿ ಬರುತ್ತದೆ.

ಹಲ್ಲಿನ ಮಾತು ಗದ್ದದ ಹುಣ್ಣಿಗೂ ಅನ್ವಯಿಸುತ್ತದೆ. ಮೊಲದ ಹಲ್ಲುಗಳು ಜೀವನಪರ್ಯಂತ ಬೆಳೆಯುತ್ತಲೇ ಇರುತ್ತವೆ. ಹುಲ್ಲನ್ನು ಸಾಕಷ್ಟು ಅಗಿಯದಿದ್ದರೆ ಅವು ಸರಿಯಾಗಿ ಸವೆಯದೆ ಜೊಲ್ಲು ಸುರಿಯತೊಡಗುತ್ತದೆ, ಗದ್ದದ ಕೆಳಗಿನ ಚರ್ಮದ ಮಡಿಕೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ. ಅಂಥ ಹುಣ್ಣಿಗೆ ಮುಲಾಮು ಹಚ್ಚುವುದರಿಂದ ಪ್ರಯೋಜನ ಅಲ್ಪ. ಹಿಂಬದಿಯ ಚರ್ಮ ಮೂತ್ರದಿಂದ ಬೆಂದಂತಾಗಿದ್ದರೆ ಮೂತ್ರಕೋಶವನ್ನೂ ಸೊಂಟದ ಕೀಲುಗಳನ್ನೂ ಪರೀಕ್ಷಿಸಬೇಕು. ಜೊತೆಗೆ, ಬೆಚ್ಚನೆಯ ಹವೆಯಲ್ಲಿ ಒದ್ದೆಯಾದ ಆ ಭಾಗಕ್ಕೆ ನೊಣಗಳು ಮೊಟ್ಟೆಯಿಡುತ್ತವೆ. ಒಂದೇ ದಿನದೊಳಗೆ ಮರಿಹುಳುಗಳು ಹೊರಬಂದು ಜೀವಂತ ಚರ್ಮವನ್ನು ತಿನ್ನತೊಡಗುತ್ತವೆ. ಬಾಲದ ಸುತ್ತ ಹುಳ ಕಂಡರೆ ಮರುದಿನಕ್ಕೆ ಕಾಯುವಂತಿಲ್ಲ.

ಮೂಗು, ತುಟಿ ಮತ್ತು ಪಾದಗಳ ಅಂಚಿನಲ್ಲಿ ತೀವ್ರ ತುರಿಕೆಯೊಡನೆ ಹಕ್ಕಳೆ ಕಟ್ಟಿದ್ದರೆ ಕಜ್ಜಿಯ ನುಸಿ ಇರಬಹುದು. ಮುಖದ ಜೊತೆಗೆ ಜನನಾಂಗದ ಸುತ್ತಲೂ ಹಕ್ಕಳೆಯಿದ್ದರೆ ಮೊಲಗಳಿಗೇ ಸೀಮಿತವಾದ ಟ್ರೆಪೊನೀಮ ಎಂಬ ಬ್ಯಾಕ್ಟೀರಿಯಾದ ಸೋಂಕನ್ನು ಯೋಚಿಸಬೇಕು. ಅದಕ್ಕೆ ಪೆನಿಸಿಲಿನ್ ಒಳ್ಳೆಯ ಔಷಧ, ಆದರೆ ಚುಚ್ಚುಮದ್ದಾಗಿ ಮಾತ್ರ. ಬಾಯಿಯ ಮೂಲಕ ಕೊಟ್ಟರೆ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳು ನಾಶವಾಗಿ ಮೊಲ ಸಾಯಬಹುದು. ಹಿಂಗಾಲಿನ ಅಡಿಯ ಹುಣ್ಣಿಗೆ ತಂತಿಯ ನೆಲ, ಒದ್ದೆ ಹಾಸು ಮತ್ತು ಅತಿತೂಕ ಮುಖ್ಯ ಕಾರಣಗಳು. ಮೊಲಕ್ಕೆ ನಾಯಿ ಬೆಕ್ಕುಗಳಂತೆ ಮೆತ್ತನೆಯ ಪಾದತಳ ಇಲ್ಲ, ಇರುವುದು ಕೂದಲ ಹೊದಿಕೆ ಮಾತ್ರ.

ಮನೆಯಲ್ಲಿ ನಾಯಿಗೆಂದು ತಂದಿಟ್ಟ ಚಿಗಟದ ಔಷಧವನ್ನು ಮೊಲದ ಬೆನ್ನಿಗೆ ಹಾಕುವುದನ್ನು ತಡೆಯಲು ನಾನು ಪ್ರತಿಯೊಬ್ಬರಿಗೂ ಎಚ್ಚರಿಕೆ ಹೇಳುತ್ತೇನೆ. ಅವುಗಳಲ್ಲಿ ಅನೇಕವುಗಳಲ್ಲಿರುವ ಫಿಪ್ರೊನಿಲ್ ಮೊಲಕ್ಕೆ ವಿಷ. ಅದರಿಂದ ಸೆಳವು ಬಂದು ಪ್ರಾಣವೇ ಹೋಗಬಹುದು. ಸ್ಟೀರಾಯ್ಡ್ ಮುಲಾಮನ್ನೂ ತಾವಾಗಿ ಹಚ್ಚಬಾರದು, ಏಕೆಂದರೆ ಮೊಲ ಅದನ್ನು ನೆಕ್ಕಿ ನುಂಗುತ್ತದೆ ಮತ್ತು ಅದರ ರೋಗನಿರೋಧಕ ಶಕ್ತಿ ಸ್ಟೀರಾಯ್ಡಿನಿಂದ ಬೇಗ ಕುಗ್ಗುತ್ತದೆ. ಗಾಯವನ್ನು ನೆಕ್ಕದಿರಲೆಂದು ಕೊರಳಿಗೆ ಕಟ್ಟುವ ಅಗಲವಾದ ಪಟ್ಟಿಯನ್ನು ನಾನು ತೀರ ಅನಿವಾರ್ಯವಾದಾಗ ಮಾತ್ರ ಬಳಸುತ್ತೇನೆ: ಅದನ್ನು ಕಟ್ಟಿದರೆ ಮೊಲಕ್ಕೆ ತನ್ನ ಪೋಷಣೆಗೆ ಅಗತ್ಯವಾದ ಮೃದು ಹಿಕ್ಕೆಯನ್ನು ತಿನ್ನಲಾಗುವುದಿಲ್ಲ, ಹೆದರಿಕೆಯಿಂದ ಹುಲ್ಲು ತಿನ್ನುವುದನ್ನೂ ಬಿಡಬಹುದು.

ಚಿಕಿತ್ಸೆ ಆರಂಭವಾದ ಮೇಲೆ ಜೊತೆಯಲ್ಲಿರುವ ಮೊಲಗಳಿಗೂ, ತುರಿಕೆ ಕಾಣದಿದ್ದರೂ ಸಹ, ಔಷಧ ಕೊಡಿಸಿ ಗೂಡಿನ ಹಾಸನ್ನು ಪೂರ್ತಿ ಬದಲಿಸಬೇಕು. ಹುಣ್ಣಿನ ಜೊತೆಗೆ ಮೇವು ಮತ್ತು ಹಿಕ್ಕೆಯ ಕಡೆಗೂ ಕಣ್ಣಿಟ್ಟಿರಬೇಕು. ನೋವಿನಲ್ಲಿರುವ ಮೊಲ ಸದ್ದಿಲ್ಲದೆ ಮೂಲೆಯಲ್ಲಿ ಕುಳಿತಿರುತ್ತದೆ. ಅದು 12 ಗಂಟೆ ಏನೂ ತಿನ್ನದಿದ್ದರೆ, ಹುಣ್ಣು ಎಷ್ಟೇ ಸಣ್ಣದಾಗಿದ್ದರೂ, ತಡಮಾಡದೆ ವೈದ್ಯರ ಬಳಿಗೆ ಕರೆತನ್ನಿ.