ಹೆಂಟೆ ಗೋಡೆ, ಸೋರುವ ಮಾಡು

ಜುಲೈ 9, ರಾತ್ರಿ

ಸಂಜೆಯಿಂದ ಅದೇ ಫೋಟೋ ಕಣ್ಣಲ್ಲಿ ಕೂತಿದೆ. 1886, ಅಮೆರಿಕದ ನೆಬ್ರಾಸ್ಕಾ ರಾಜ್ಯದ ಕಸ್ಟರ್ ಕೌಂಟಿ. ಕ್ರಿಸ್ಮನ್ ಮನೆತನದ ನಾಲ್ವರು ಅಕ್ಕತಂಗಿಯರು ಮಣ್ಣಿನ ಮನೆಯ ಮುಂದೆ ನಿಂತಿದ್ದಾರೆ. ತೆಗೆದವನು ಸಾಲೊಮನ್ ಬುಚರ್. ನೋಡಿದವರೆಲ್ಲ ಅವರ ಮುಖದ ಮಾತಾಡುತ್ತಾರೆ. ನನಗೆ ಮಾತ್ರ ಗೋಡೆಯದೇ ಯೋಚನೆ.

ಮಣ್ಣಿನ ಮನೆ ಅಂದಕೂಡಲೇ ಕೆಸರು ತುಳಿದು ಕಟ್ಟಿದ್ದು ಅಂದುಕೊಳ್ಳುತ್ತೇವೆ. ಇಲ್ಲಿ ತುಳಿಯುವುದೂ ಇಲ್ಲ, ಕಲಸುವುದೂ ಇಲ್ಲ. ಮರವೇ ಇಲ್ಲದ ಬಯಲು. ಹುಲ್ಲಿನ ಬೇರು ಹೆಣೆದುಕೊಂಡು ನೆಲವೇ ಚಾಪೆಯಾಗಿದೆ. ಅದನ್ನು ಹಾಗೇ ಸೀಳಿ ಎತ್ತಬೇಕು. ಸಾದಾ ನೇಗಿಲು ಮಗುಚಿ ಪುಡಿ ಮಾಡುತ್ತದೆ, ಅದಕ್ಕೇ 'ಗ್ರಾಸ್‌ಹಾಪರ್' ಅನ್ನುವ ಬೇರೆ ನೇಗಿಲು. ಒಂದಡಿ ಅಗಲ, ನಾಲ್ಕಿಂಚು ದಪ್ಪದ ಪಟ್ಟಿ ಬರುತ್ತದೆ. ಸಲಿಕೆಯಲ್ಲಿ ಎರಡು ಮೂರಡಿಗೆ ಕಡಿದರೆ ಒಂದೊಂದು ಹೆಂಟೆ ಸುಮಾರು 50 ಪೌಂಡ್. 16 ಅಡಿಗೆ 20 ಅಡಿಯ ಒಂದೇ ಕೋಣೆಗೆ ಇಂಥವು ಹತ್ತಿರ ಹತ್ತಿರ 3000.

ನೆಲ ಹಸಿಯಿದ್ದಾಗಲೇ ಸೀಳಬೇಕು. ಅಂದು ಸೀಳಿದ್ದು ಅಂದೇ ಗೋಡೆ ಸೇರಬೇಕು. ಒಣಗಿದರೆ ಅಂಚು ಉದುರುತ್ತದೆ. ಹುಲ್ಲಿನ ಮುಖ ಕೆಳಗೆ. ಎರಡು ಸಾಲು ಜೋಡಿಯಾಗಿ, ಸಂದಿಯ ಮೇಲೆ ಸಂದಿ ಬಾರದ ಹಾಗೆ. ಮೂರು ನಾಲ್ಕು ವರಸೆಗೊಮ್ಮೆ ಅಡ್ಡ ಇಟ್ಟರೆ ಎರಡೂ ಸಾಲು ಬಿಗಿಯುತ್ತವೆ.

ಕಿಟಕಿಯದೇ ದೊಡ್ಡ ಕೆಲಸ. ಚೌಕಟ್ಟಿನ ತಲೆಯ ಮೇಲೆ ಕೆಲವು ಇಂಚು ಜಾಗ ಬಿಟ್ಟು ಒಣಹುಲ್ಲು, ಚಿಂದಿಬಟ್ಟೆ ತುರುಕಬೇಕು. ತಿಂಗಳುಗಟ್ಟಲೆ ಗೋಡೆ ಕುಸಿಯುತ್ತಾ ಕೂರುತ್ತದೆ. ಜಾಗ ಬಿಡದಿದ್ದರೆ ಆ ಭಾರವೆಲ್ಲ ಚೌಕಟ್ಟಿನ ಮೇಲೆ, ಗಾಜು ಒಡೆದಂತೆಯೇ. ಕೊಳ್ಳುವ ಕೆಲವೇ ವಸ್ತುಗಳಲ್ಲಿ ಆ ಗಾಜೂ ಒಂದು.

ಗೋಡೆ ಚಳಿಯನ್ನೂ ಬೆಂಕಿಯನ್ನೂ ತಡೆಯಿತು. ಕೈಕೊಟ್ಟದ್ದು ಮಾಡು. ನಡುತೊಲೆ, ಅದರ ಮೇಲೆ ಕಡ್ಡಿಕೊಂಬೆ, ಅದರ ಮೇಲೆ ಮತ್ತೆ ಹೆಂಟೆ. ಮಳೆ ನಿಂತ ಮೇಲೂ ಒಳಗೆ ಕೆಸರುನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ನೆನೆದು ಭಾರವಾದರೆ ತೊಲೆ ಮುರಿದು ಮಾಡೇ ಒಳಗೆ. ಉದುರುವ ಮಣ್ಣು, ಹುಳ, ಹಾವು ತಡೆಯಲು ತೆಳು ಬಟ್ಟೆ ಕಟ್ಟುತ್ತಿದ್ದರು; ಅದನ್ನು ಬಿಚ್ಚಿ, ಒಗೆದು, ಮತ್ತೆ ಕಟ್ಟುವವಳು ಹೆಂಗಸು. ಒಲೆಗೆ ಸಗಣಿಯ ಕುಳ್ಳು ತರುವವಳೂ ಅವಳೇ. ಬಂದು ನೆಲೆಸುವವರಿಗೆ ಸರ್ಕಾರಿ ಜಮೀನು ಕೊಡುವ 1862ರ ಹೋಮ್‌ಸ್ಟೆಡ್ ಕಾಯಿದೆಯಲ್ಲಿ 160 ಎಕರೆಗೆ ಶುಲ್ಕ 18 ಡಾಲರ್, ಐದು ವರ್ಷದ ವಾಸ. ಆ ಐದು ವರ್ಷ ಹೇಗೆ ಕಳೆಯಿತು ಅಂತ ಕೇಳಬೇಕಾದ್ದು ಇವಳನ್ನು.

ಇದೇ ನೆಬ್ರಾಸ್ಕಾದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಪಾವ್ನೀ ಜನ ಮಣ್ಣು ಹೊದಿಸಿದ ದುಂಡುಮನೆಗಳಲ್ಲಿ ತಲೆತಲಾಂತರ ಬಾಳಿದ್ದರು. 1870ರ ದಶಕದಲ್ಲಿ ಅವರನ್ನು ಈಗಿನ ಓಕ್ಲಹೋಮಾದ ಕಡೆ ಕಳಿಸಿಬಿಟ್ಟರು. ಇದನ್ನು ಬಿಟ್ಟು ಹೆಂಟೆ ಮನೆಯ ಮಾತಾಡಲು ನನಗೆ ಮನಸ್ಸಾಗುವುದಿಲ್ಲ.

ಎರಡಡಿ ದಪ್ಪದ ಗೋಡೆ ಅಂದರೆ ಕಿಟಕಿಯ ಕಟ್ಟೆಯೂ ಅಷ್ಟೇ ಅಗಲ. ಅಲ್ಲಿ ಹೂಕುಂಡ ಇಡುತ್ತಿದ್ದರು. ಬಾವಿ ತೋಡುವ ಮೊದಲು, ನೀರನ್ನು ದೂರದ ಹಳ್ಳದಿಂದ ಹೊರುತ್ತಿದ್ದಾಗಲೂ ಆ ಗಿಡಕ್ಕೆ ಒಂದು ಲೋಟ ಮೀಸಲು.